ದುಡ್ಡಿಗೆ ಗುದ್ದುವವರು ಹವ್ಯಾಸಿ ರಿಂಗಿಗೆ ಬರಬಹುದೇ?

ಬೈತಖೋಲ್_ಸಂಜೆ

ನಾಲ್ಕು ತಿಂಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ ಇದು. ಇಲ್ಲಿ ಆಟ ಬಲ್ಲವರು, ವೈದ್ಯರು, ಮಕ್ಕಳನ್ನು ಆಟಕ್ಕೆ ಕಳಿಸುವವರು ಎಲ್ಲ ಇದ್ದೀರಿ. ಅದಕ್ಕೇ ಬಿಚ್ಚಿ ಬರೆಯುತ್ತೇನೆ.

ನಾನು ನೌಕಾದಳದಿಂದ ನಿವೃತ್ತನಾಗಿ ಊರಿಗೆ ಬಂದವನು. ಸೇವೆಯಲ್ಲಿದ್ದಾಗ ಬಾಕ್ಸಿಂಗ್ ಆಡುತ್ತಿದ್ದೆ. ಈಗ ಕಾರವಾರದಲ್ಲಿ ಸಂಜೆ ಹೊತ್ತು ಹದಿನೈದಿಪ್ಪತ್ತು ಮಕ್ಕಳಿಗೆ ಹೇಳಿಕೊಡುತ್ತೇನೆ. ಫೀ ಇಲ್ಲ. ಸರಿಯಾದ ರಿಂಗೂ ಇಲ್ಲ. ದಂಡೆಯ ಗಟ್ಟಿ ಮರಳಲ್ಲಿ ನಾಲ್ಕು ಗೂಟ ಹೊಡೆದು ಬೋಟಿನ ಹಳೇ ಹಗ್ಗ ಸುತ್ತಿದರೆ ಅದೇ ರಿಂಗ್. ಮಳೆಗಾಲದಲ್ಲಿ ಪರಿಚಯದವರೊಬ್ಬರು ಬಲೆ ಇಡುವ ಶೆಡ್ಡಿನಲ್ಲಿ ಜಾಗ ಕೊಡುತ್ತಾರೆ.

ಹುಡುಗರಲ್ಲಿ ಒಬ್ಬನಿಗೆ 19 ವರ್ಷ. ತಾಯಿ ಮೀನು ಮಾರುತ್ತಾರೆ. ಅವನನ್ನು ಬೇರೆ ಜಿಲ್ಲೆಯ ಒಂದು ಓಪನ್ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆ, 63.5 ಕೆಜಿ ವಿಭಾಗ. ಅದು ಅವನ ನಾಲ್ಕನೇ ಬೌಟ್. ಅರ್ಜಿಯಲ್ಲಿ ಕೇಳಿದ್ದು ವಯಸ್ಸು, ತೂಕ, ಆಧಾರ್, ಒಂದು ಫಿಟ್‌ನೆಸ್ ಸರ್ಟಿಫಿಕೇಟ್. ಅಷ್ಟೇ. ಎದುರಾಳಿ ರಿಂಗ್ ಹತ್ತಿ ನಿಂತ ಭಂಗಿ ನೋಡಿದಾಗಲೇ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಎಡಗೈ ಸೊಂಟದ ಹತ್ತಿರ ಇಳಿಬಿಟ್ಟು, ಗದ್ದವನ್ನು ಹೆಗಲಿಗೆ ಒತ್ತಿಕೊಂಡು, ಅವಸರವೇ ಇಲ್ಲದೆ ನಿಂತಿದ್ದ. ಮೂರೇ ರೌಂಡ್ ಆಡುವ ಹವ್ಯಾಸಿ ಹುಡುಗರು ಹಾಗೆ ನಿಲ್ಲುವುದಿಲ್ಲ, ಅವರಿಗೆ ಪಾಯಿಂಟಿನ ಆತುರ. ಇವನು ಒಂದು ನಿಮಿಷ ಸುಮ್ಮನೆ ಅಳೆದು ನೋಡಿದ. ಆಮೇಲೆ ಪಕ್ಕೆಗೆ ಒಂದು ಹುಕ್. ನನ್ನ ಹುಡುಗನ ಗಾರ್ಡ್ ಕೆಳಗೆ ಬಂತು. ಅದೇ ಕೈ ತಿರುಗಿ ಕಪಾಳಕ್ಕೆ ಬಂತು. ರೆಫರಿ ಎಂಟರವರೆಗೆ ಎಣಿಸಿದರು, ಗ್ಲೌಸ್ ಒರೆಸಿದರು, ಮತ್ತೆ ಬಿಟ್ಟರು. ಬೌಟ್ ನಿಲ್ಲಿಸಲು ನಾನು ಟವೆಲ್‌ಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಬಿತ್ತು.

ಕುರ್ಚಿಯಲ್ಲಿ ಕೂರಿಸಿ ಕೈಯ ಬ್ಯಾಂಡೇಜ್ ಬಿಚ್ಚುತ್ತಿದ್ದೆ. ಬೆವರಿಗೆ ಅಂಟಿಕೊಂಡಿತ್ತು, ಒಂದೊಂದೇ ಸುತ್ತು ಬಿಡಿಸುತ್ತಿದ್ದೆ. ಆಗ ಅವನು ಕೇಳಿದ: "ಅಣ್ಣಾ, ನನ್ನ ಬೌಟ್ ಎಷ್ಟು ಹೊತ್ತಿಗೆ?"

ಆಸ್ಪತ್ರೆಗೆ ಒಯ್ದು ಸ್ಕ್ಯಾನ್ ಮಾಡಿಸಿದೆವು. ಒಳಗೆ ರಕ್ತಸ್ರಾವ ಇಲ್ಲ ಅಂದರು. ಸಂಜೆಗೆ ಒಂದೊಂದಾಗಿ ನೆನಪು ಬಂತು, ಬೌಟಿನದು ಮಾತ್ರ ಇವತ್ತಿಗೂ ಬಂದಿಲ್ಲ. ಎದುರಾಳಿ ಆರು ವೃತ್ತಿಪರ ಬೌಟ್ ಆಡಿದವನು ಎಂದು ಗೊತ್ತಾದದ್ದು ಮರುದಿನ, ಯಾರೋ ಮೊಬೈಲಿನಲ್ಲಿ ವಿಡಿಯೋ ತೋರಿಸಿದಾಗ.

ನನ್ನ ಮಾತು ಇಷ್ಟು. ದುಡ್ಡಿಗಾಗಿ ರಿಂಗ್ ಹತ್ತಿದವನು ಹವ್ಯಾಸಿ ಸ್ಪರ್ಧೆಗೆ ಮತ್ತೆ ಬರಲೇಬಾರದು. ತಾಲೂಕಿನಿಂದ ಒಲಿಂಪಿಕ್ಸ್‌ವರೆಗೆ ಒಂದೇ ನಿಯಮ ಇರಬೇಕು. ನಿಮ್ಮ ಅಭಿಪ್ರಾಯ ಹೇಳಿ.


ಸೋಂದಾ_ಚೌಕಿ

ಓದಿ ಬಹಳ ಬೇಸರವಾಯಿತು. ಹುಡುಗ ಈಗ ಹೇಗಿದ್ದಾನೆ, ಅದನ್ನು ಮೊದಲು ಹೇಳಿ.

ನೀವು ಕೇಳಿದ ನಿಯಮವನ್ನು ಮಾತ್ರ ಒಪ್ಪಲಾರೆ. ಹವ್ಯಾಸಿ ಅನ್ನುವ ಶಬ್ದ ನಮ್ಮ ಶಿರಸಿ ಸೀಮೆಯಲ್ಲಿ ಹೆಚ್ಚು ಕೇಳುವುದು ಯಕ್ಷಗಾನದಲ್ಲಿ. ಹಗಲು ತೋಟ, ಬ್ಯಾಂಕು, ಶಾಲೆ ನೋಡಿಕೊಂಡು ರಾತ್ರಿ ಗೆಜ್ಜೆ ಕಟ್ಟುವವರು ನಾವು. ನಮ್ಮ ಆಟಕ್ಕೆ ಮೇಳದ ಕಲಾವಿದರನ್ನು ಅತಿಥಿಯಾಗಿ ಕರೆಸುವುದು ಎಷ್ಟೋ ಕಾಲದಿಂದ ಇದೆ. ಒಮ್ಮೆ ನನ್ನ ಎದುರು ಮೇಳದಲ್ಲಿ ಇಪ್ಪತ್ತೈದು ವರ್ಷ ತಿರುಗಾಟ ಮಾಡಿದವರು ನಿಂತರು. ಭಾಗವತರು ಲಯ ಏರಿಸಿದರು, ಅವರು ನಿರಾಯಾಸವಾಗಿ ಏರಿದರು, ನನ್ನ ಕಾಲು ಎರಡು ಕಡೆ ತಪ್ಪಿತು. ಅವಮಾನ ಆಗಲಿಲ್ಲ ಮಾರಾಯ್ರೆ. ಹತ್ತು ವರ್ಷದಲ್ಲಿ ಕಲಿಯದ್ದನ್ನು ಆ ಒಂದು ರಾತ್ರಿಯಲ್ಲಿ ಕಲಿತೆ. ಬಾಗಿಲು ಹಾಕಿಕೊಂಡು ನಮ್ಮೊಳಗೇ ಕುಣಿದಿದ್ದರೆ ಇವತ್ತಿಗೂ ಹಾಗೇ ಕುಣಿಯುತ್ತಿದ್ದೆ.

ಇನ್ನು ಒಲಿಂಪಿಕ್ಸ್ ಮಾತು. ಟೆನಿಸ್‌ನಲ್ಲಿ 1988ರಿಂದ ವೃತ್ತಿಪರರು ಆಡುತ್ತಿದ್ದಾರೆ. 1992ರ ಬಾರ್ಸಿಲೋನಾದಲ್ಲಿ ಅಮೆರಿಕ ಬಾಸ್ಕೆಟ್‌ಬಾಲಿಗೆ ತನ್ನ ಅತಿ ದೊಡ್ಡ ವೃತ್ತಿಪರರನ್ನೇ ಇಳಿಸಿತು. ಆಟ ಹಾಳಾಗಲಿಲ್ಲ. ಬಾಕ್ಸಿಂಗಿಗೆ ಈ ಬಾಗಿಲು ತೆರೆದದ್ದು 2016ರ ಜೂನ್ 1ರಂದು. ಅಂತರರಾಷ್ಟ್ರೀಯ ಸಂಸ್ಥೆ ಐಬಾ ಲೂಸಾನ್‌ನಲ್ಲಿ ಸಭೆ ಕರೆದಿತ್ತು, 88 ಪ್ರತಿನಿಧಿಗಳಲ್ಲಿ 84 ಮಂದಿ ಒಪ್ಪಿದರು. ಎಲ್ಲರೂ ಹೆದರಿದರು. ಆದದ್ದೇನು? ಅದೇ ವರ್ಷದ ರಿಯೋ ಒಲಿಂಪಿಕ್ಸ್‌ಗೆ ಬಂದ ವೃತ್ತಿಪರರು ಮೂರೇ ಜನ: ಕ್ಯಾಮರೂನಿನ ಹಸ್ಸನ್ ಎನ್‌ಡಾಮ್, ಥಾಯ್ಲೆಂಡಿನ ಅಮ್ನಾತ್ ರುವೆನ್‌ರೊಂಗ್, ಇಟಲಿಯ ಕಾರ್ಮಿನೆ ತೊಮಸೋನೆ. ಮೊದಲಿಬ್ಬರು ವೃತ್ತಿಪರ ವಿಶ್ವ ಪಟ್ಟ ಗೆದ್ದಿದ್ದವರು. ಮೂವರಿಗೂ ಪದಕ ಸಿಗಲಿಲ್ಲ. ಎನ್‌ಡಾಮ್ ಮೊದಲ ಬೌಟಿನಲ್ಲೇ ಬ್ರೆಜಿಲಿನ ಹವ್ಯಾಸಿಗೆ ಸೋತ. ಹನ್ನೆರಡು ರೌಂಡಿಗೆ ಪಳಗಿದ ದೇಹಕ್ಕೆ ಒಂಬತ್ತು ನಿಮಿಷದ ಆಟ ಬೇರೆಯೇ ಲೆಕ್ಕ. ಹಾಗಿದ್ದ ಮೇಲೆ ಹೆದರಿಕೆ ಯಾಕೆ?


ಕುಮಟಾ_ವೈದ್ಯೆ

ಚೌಕಿಯವರ ಹೋಲಿಕೆ ಓದಲು ಚೆನ್ನಾಗಿದೆ. ಆದರೆ ರಂಗಸ್ಥಳದಲ್ಲಿ ಕಾಲು ತಪ್ಪಿದವರು ಮರುದಿನ ತೋಟಕ್ಕೆ ಹೋಗುತ್ತಾರೆ. ಟೆನಿಸ್‌ನಲ್ಲಿ ದೊಡ್ಡವನ ಎದುರು ಸಣ್ಣವನು 6–0 ಸೋತರೆ ಬಸ್ ಹತ್ತಿ ಮನೆಗೆ ಬರುತ್ತಾನೆ. ಬಾಕ್ಸಿಂಗಿನಲ್ಲಿ ಗುರಿ ತಲೆಯೇ. ಬೇರೆ ಆಟಗಳ ಉದಾಹರಣೆಯನ್ನು ಇಲ್ಲಿಗೆ ತಂದರೆ ಈ ಒಂದು ಸಂಗತಿ ಮರೆತುಹೋಗುತ್ತದೆ.

"ನನ್ನ ಬೌಟ್ ಎಷ್ಟು ಹೊತ್ತಿಗೆ" ಅಂತ ಆ ಹುಡುಗ ಕೇಳಿದ್ದು ಮೆದುಳಿಗೆ ಆಘಾತವಾದ ಸ್ಪಷ್ಟ ಲಕ್ಷಣ. ಸ್ಕ್ಯಾನ್ ಸರಿ ಇದ್ದರೂ ಆಘಾತ ಆಗಿಲ್ಲ ಅಂತ ಅರ್ಥವಲ್ಲ. ತಲೆಬುರುಡೆಯೊಳಗೆ ಮೆದುಳು ತಿರುಚಿದಂತೆ ಅಲುಗಿದಾಗ ನರತಂತುಗಳು ಜಗ್ಗುತ್ತವೆ, ಅದು ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಕಪಾಳಕ್ಕೆ, ಗದ್ದಕ್ಕೆ ಪಕ್ಕದಿಂದ ಬೀಳುವ ಹುಕ್ ಅಪಾಯ ಅನ್ನುವುದು ಈ ತಿರುಚುವಿಕೆಯಿಂದ. ಪದೇ ಪದೇ ಪೆಟ್ಟು ತಿಂದ ಬಾಕ್ಸರುಗಳು ಮುಂದೆ ತೊದಲುವುದು, ತೂರಾಡುವುದನ್ನು 1928ರಲ್ಲೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು ಬರೆದಿಟ್ಟಿದ್ದಾರೆ. 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡುಕ್-ಕೂ ಲಾಸ್ ವೇಗಾಸ್‌ನಲ್ಲಿ 14ನೇ ರೌಂಡಿನಲ್ಲಿ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡ. ವಿಶ್ವ ಪಟ್ಟದ ಹೋರಾಟ 15 ರೌಂಡಿನಿಂದ 12ಕ್ಕೆ ಇಳಿದದ್ದು ಆ ಸಾವಿನ ನಂತರ. ಅಷ್ಟು ದೂರ ಹೋಗುವುದೂ ಬೇಡ. 2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ ಯುವಕ ತಲೆಗೆ ಪೆಟ್ಟು ಬಿದ್ದು ಮತ್ತೆ ಏಳಲಿಲ್ಲ. ನಮ್ಮದೇ ರಾಜ್ಯದ ಹುಡುಗ.

ರಿಯೋದಲ್ಲಿ ಮೂವರೂ ಸೋತರು ಎಂದಿರಿ. ಸರಿ, ಅದರ ಮುಂದಿನ ಭಾಗವನ್ನೂ ಹೇಳಬೇಕಲ್ಲ. 2019ರಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಉಜ್ಬೇಕಿಸ್ತಾನದ ಬಖೋದಿರ್ ಜಲೊಲೊವ್ ಅಷ್ಟರಲ್ಲಿ ಆರು ವೃತ್ತಿಪರ ಬೌಟ್ ಗೆದ್ದಿದ್ದ. ಎದುರಿಗೆ ಅಮೆರಿಕದ ಹವ್ಯಾಸಿ ರಿಚರ್ಡ್ ಟೊರೆಸ್, 20 ವರ್ಷದವ. ಮೊದಲ ರೌಂಡಿನಲ್ಲೇ ಎಡಗೈಯ ಒಂದು ಪೆಟ್ಟಿಗೆ ಟೊರೆಸ್ ಪ್ರಜ್ಞೆ ತಪ್ಪಿ ಬಿದ್ದ, ಆಸ್ಪತ್ರೆಗೆ ಒಯ್ಯಬೇಕಾಯಿತು. ಗಂಡಸರಿಗೆ 2013ರಿಂದಲೇ ಹೆಡ್‌ಗಾರ್ಡ್ ತೆಗೆದಿದ್ದಾರೆ ಅನ್ನುವುದನ್ನೂ ಮರೆಯಬೇಡಿ.


ಯಲ್ಲಾಪುರ_71ಕೆಜಿ

ಮೊದಲೇ ಹೇಳಿಬಿಡುತ್ತೇನೆ. ಆ ದಿನ ರಿಂಗಿನಲ್ಲಿ ಇದ್ದವನು ನಾನಲ್ಲ. ಆದರೆ ನಾನೂ ದುಡ್ಡಿಗೆ ಆಡಿದವನೇ. ಎರಡು ಬೌಟ್, ನಾಲ್ಕು ನಾಲ್ಕು ರೌಂಡಿನದು, ಒಂದಕ್ಕೆ 8,000 ರೂಪಾಯಿ.

ಯಾಕೆ ಆಡಿದೆ ಅಂತ ಕೇಳಿ. ನಾವು ಸಿದ್ದಿಗಳು. ಅಪ್ಪ ಅಡಿಕೆ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ನನ್ನ ಮಾವನ ಕಾಲದಲ್ಲಿ ಕ್ರೀಡಾ ಪ್ರಾಧಿಕಾರದವರು ನಮ್ಮ ಕಾಡಿನ ಕೇರಿಗಳಿಗೆ ಬಂದು, ಮಕ್ಕಳನ್ನು ಓಡಿಸಿ ನೋಡಿ, ಹಾಸ್ಟೆಲಿಗೆ ಆರಿಸಿಕೊಂಡು ಹೋಗಿದ್ದರು. ಮಾರ್ಗರೆಟ್ ಆಳ್ವಾ ಅವರು ಕೇಂದ್ರದಲ್ಲಿ ಕ್ರೀಡಾ ಸಚಿವೆ ಆಗಿದ್ದಾಗ 1987ರಲ್ಲಿ ಶುರುವಾದ ಯೋಜನೆ ಅದು. ಅಥ್ಲೀಟ್ ಕಮಲಾ ಸಿದ್ದಿ ಹೆಸರು ಮಾಡಿದ್ದು ಅದರಿಂದಲೇ. 1993ರಲ್ಲಿ ನಿಲ್ಲಿಸಿಬಿಟ್ಟರು. ಮಾವ ವಾಪಸು ಬಂದು ಕೊಡಲಿ ಹಿಡಿದರು. ಆ ಕಥೆ ಕೇಳುತ್ತಾ ಬೆಳೆದವನು ನಾನು. ಆಟ ಅನ್ನ ಕೊಡುತ್ತದೆ ಅಂತ ನಂಬಿ ಕೂರಬಾರದು, ಕೊಟ್ಟ ದಿನ ತಗೊಳ್ಳಬೇಕು ಅಂತ ಮನೆಯಲ್ಲಿ ಹೇಳುತ್ತಿದ್ದರು.

ಬೆಂಗಳೂರಿನಲ್ಲಿ ರಾತ್ರಿ ಪಾಳಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಸಿ ಏಳಕ್ಕೆ ಪ್ರಾಕ್ಟೀಸು. ಜಿಮ್ಮಿನವರು ಬೌಟ್ ಇದೆ ಎಂದರು, ಆಡಿದೆ. ಆ 16,000 ತಂಗಿಯ ಕಾಲೇಜು ಫೀಗೆ ಹೋಯಿತು. ಈಗ ಊರಿಗೆ ಬಂದಿದ್ದೇನೆ. ಜಿಲ್ಲೆಗೋ ರಾಜ್ಯಕ್ಕೋ ಆಡಬೇಕು ಅಂದರೆ "ನೀನು ಪ್ರೊ" ಅಂತ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ.

ಸೇನೆಯ ತಂಡದ ಬಾಕ್ಸರಿಗೆ ತಿಂಗಳಾದರೆ ಸಂಬಳ ಬರುತ್ತದೆ, ಊಟ ಬರುತ್ತದೆ, ಕೋಚ್ ಇರುತ್ತಾರೆ. ರೈಲ್ವೆಯವರಿಗೂ ಹಾಗೇ. ಅವರು ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬಾಕ್ಸಿಂಗ್ ಮಾಡುವುದೇ ಕೆಲಸ. ಅವರು ಹವ್ಯಾಸಿ. ಎರಡು ರಾತ್ರಿ ಆಡಿ 16,000 ತಗೊಂಡ ನಾನು ವೃತ್ತಿಪರ. ಇದು ಯಾವ ಲೆಕ್ಕ ಅಂತ ಸಂಜೆ ಅಣ್ಣ ಹೇಳಬೇಕು. ನಿಮಗೂ ನೌಕಾದಳದಲ್ಲಿ ಸಂಬಳ ಬರುತ್ತಿತ್ತಲ್ಲ ಅಣ್ಣ. ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.


ಅಂಕೋಲಾ_ಮಾಸ್ತರ್

ಯಲ್ಲಾಪುರದ ತಮ್ಮ ಕೇಳಿದ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷದ ಹಿನ್ನೆಲೆ ಇದೆ. ಹವ್ಯಾಸಿ ಅನ್ನುವ ನಿಯಮ ಹುಟ್ಟಿದ್ದೇ ಬಡವನನ್ನು ಹೊರಗಿಡಲು. ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯ 1879ರ ನಿಯಮ ನೋಡಿ: ಕೂಲಿಗೆ ದುಡಿಯುವವನು, ಕುಶಲಕರ್ಮಿ, ದೋಣಿಯ ಕೆಲಸದಿಂದ ಹೊಟ್ಟೆ ಹೊರೆಯುವವನು, ಇವರು ಯಾರೂ ಹವ್ಯಾಸಿಗಳಲ್ಲ. ಅಂದರೆ ನಮ್ಮ ಬೇಲೆಕೇರಿಯಲ್ಲಿ ನಾಡದೋಣಿಗೆ ಹುಟ್ಟು ಹಾಕುವವರು ಯಾರಿಗೂ ಅಲ್ಲಿ ಜಾಗ ಇರಲಿಲ್ಲ. ಬಹುಮಾನ ತೆಗೆದುಕೊಂಡಿದ್ದಾರೋ ಇಲ್ಲವೋ ಅನ್ನುವ ವಿಚಾರಣೆಯೇ ಇಲ್ಲ, ರಟ್ಟೆಯಲ್ಲಿ ದುಡಿದು ತಿನ್ನುತ್ತಾರೆ ಅನ್ನುವುದೇ ಅಪರಾಧ. ಆ ಮಾತು ನಿಯಮಾವಳಿಯಿಂದ ಹೋದದ್ದು 1937ರಲ್ಲಿ.

ಜಿಮ್ ಥಾರ್ಪ್ ಕಥೆ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಅಮೆರಿಕದ ಮೂಲನಿವಾಸಿ ಹುಡುಗ. 1912ರ ಸ್ಟಾಕ್‌ಹೋಮ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ. ಅದಕ್ಕೂ ಮೊದಲು ಸಣ್ಣ ಲೀಗಿನಲ್ಲಿ ಚಿಲ್ಲರೆ ದುಡ್ಡಿಗೆ ಬೇಸ್‌ಬಾಲ್ ಆಡಿದ್ದ ಎಂದು 1913ರಲ್ಲಿ ಎರಡನ್ನೂ ಕಿತ್ತುಕೊಂಡರು. ಮನೆಯವರ ಕೈಗೆ ಪದಕ ಮರಳಿದ್ದು 1983ರಲ್ಲಿ, ಅವನು ಸತ್ತು 30 ವರ್ಷವಾದ ಮೇಲೆ. ಅವನೊಬ್ಬನೇ ವಿಜೇತ ಎಂದು ದಾಖಲೆಯಲ್ಲಿ ತಿದ್ದಿದ್ದು 2022ರಲ್ಲಿ.

ನಮ್ಮ ವಿಜೇಂದರ್ ಸಿಂಗ್‌ಗೂ ಈ ಗೆರೆ ಅಡ್ಡ ಬಂದಿತ್ತು. 2008ರ ಬೀಜಿಂಗ್ ಕಂಚು, ಭಾರತಕ್ಕೆ ಬಾಕ್ಸಿಂಗಿನ ಮೊದಲ ಒಲಿಂಪಿಕ್ ಪದಕ. 2015ರಲ್ಲಿ ಮ್ಯಾಂಚೆಸ್ಟರಿನಲ್ಲಿ ವೃತ್ತಿಪರ ಕಣಕ್ಕೆ ಇಳಿದಾಗ ರಿಯೋ ಕೈಬಿಟ್ಟಂತೆ ಎಂದೇ ಎಲ್ಲರೂ ಬರೆದರು. ಅವರ ನಂತರದ ವಿಕಾಸ್ ಕೃಷ್ಣನ್ ವೃತ್ತಿಪರ ಬೌಟ್ ಆಡಿಬಂದೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಅಂಗಿ ತೊಟ್ಟರು. ಮಧ್ಯೆ ಇದ್ದದ್ದು ಆರು ವರ್ಷ, ಒಂದು ಮತದಾನ.


ಸೋಂದಾ_ಚೌಕಿ

ವಿಕಾಸ್ ಕೃಷ್ಣನ್ ಟೋಕಿಯೊದಲ್ಲಿ ಜಪಾನಿನ ಒಕಜಾವಾ ಎದುರು ಮೊದಲ ಬೌಟಿನಲ್ಲೇ ಸೋತರು, ಭುಜದ ಗಾಯ ಇತ್ತು. ವೃತ್ತಿಪರ ಅಂದ ಮಾತ್ರಕ್ಕೆ ಗೆಲ್ಲುವುದಿಲ್ಲ ಅನ್ನುವ ನನ್ನ ಮಾತಿಗೆ ಇದೂ ಸೇರಲಿ. ತೂಕದ ಲೆಕ್ಕವೂ ಇದೆ. ವೃತ್ತಿಪರರು ಹಿಂದಿನ ದಿನ ತೂಕ ಕೊಟ್ಟು, ರಾತ್ರಿ ನೀರು ಕುಡಿದು ಊಟ ಮಾಡಿ, ಮರುದಿನ ನಾಲ್ಕೈದು ಕೆಜಿ ಏರಿಸಿಕೊಂಡು ಬರುತ್ತಾರೆ. ಹವ್ಯಾಸಿ ಸ್ಪರ್ಧೆಯಲ್ಲಿ ಬೌಟ್ ಇರುವ ದಿನ ಬೆಳಿಗ್ಗೆ ಮತ್ತೆ ತಕ್ಕಡಿ ಹತ್ತಬೇಕು. ಎರಡು ವಾರದಲ್ಲಿ ನಾಲ್ಕೈದು ಸಲ. ಅದಕ್ಕೆ ಒಗ್ಗುವುದು ಸುಲಭವಲ್ಲ.

ಆದರೆ ವೈದ್ಯೆಯವರ ಮಾತು ರಾತ್ರಿಯಿಡೀ ತಲೆಯಲ್ಲಿತ್ತು. ನನ್ನ ಎದುರು ನಿಂತ ಮೇಳದ ಕಲಾವಿದರು ನಾನು ತಪ್ಪಿದಾಗ ತಾವೇ ಹೆಜ್ಜೆ ನಿಧಾನಿಸಿ ನನ್ನನ್ನು ಕೂಡಿಸಿಕೊಂಡಿದ್ದರು. ರಿಂಗಿನಲ್ಲಿ ಎದುರಾಳಿ ಹಾಗೆ ನಿಧಾನಿಸುವುದಿಲ್ಲ, ನಿಧಾನಿಸಬಾರದು ಕೂಡ. ಆ ವ್ಯತ್ಯಾಸವನ್ನು ನಾನು ಗಮನಿಸಿರಲಿಲ್ಲ.


ಹಳಿಯಾಳ_ಮಣ್ಣು

ನಮ್ಮ ಕಡೆ ಮಾತು ಸ್ವಲ್ಪ ಕೇಳ್ರಿ. ನಾ ಬಾಕ್ಸಿಂಗ್ ಬಲ್ಲವನಲ್ಲ, ಕುಸ್ತಿ ಮನಿತನದವ. ಹಳಿಯಾಳದಾಗ ಮಣ್ಣಿನ ಕುಸ್ತಿನೂ ಐತಿ, ಹಾಸ್ಟೆಲ್ ಹುಡುಗರ ಮ್ಯಾಟ್ ಕುಸ್ತಿನೂ ಐತಿ.

ಜಾತ್ರಿ ಕುಸ್ತಿಯೊಳಗ ದುಡ್ಡು ಇಲ್ಲದ ಕಾಲ ಅಂತ ಇರಲೇ ಇಲ್ಲ. ನೂರು ರೂಪಾಯಿ ಕುಸ್ತಿಯಿಂದ ಲಕ್ಷದ ಕುಸ್ತಿ ತನಕ ಒಂದೇ ಅಖಾಡದಾಗ ನಡೀತಾವ. ಆದ್ರ ನೂರರ ಹುಡುಗನ್ನ ಲಕ್ಷದವನ ಮುಂದ ಯಾರೂ ಬಿಡಂಗಿಲ್ಲ. ಯಾಕಂದ್ರ ಮೊದಲ ಜೋಡಿ ಹಚ್ಚತಾರ. ವಸ್ತಾದರು, ಊರ ಹಿರಿಯರು ಕುಂತು ಪೈಲ್ವಾನರನ್ನ ಎದುರಾಬದುರಾ ನಿಲ್ಲಸ್ತಾರ. ನಮ್ಮಜ್ಜ ಜೋಡಿ ಹಚ್ಚೋದನ್ನ ನಾ ಸಣ್ಣಾಂವ ಇದ್ದಾಗ ಬಾಜೂಕ ನಿಂತು ನೋಡೀನಿ. ಹುಡುಗನ ಹೆಗಲ ಮ್ಯಾಲೆ ಕೈ ಇಟ್ಟು ಒತ್ತಿ ನೋಡಾಂವ. ಕುತ್ತಿಗಿ ಹಿಂದ ಹಿಡಿದು ಜಗ್ಗಾಂವ. ಕಿವಿ ಮುಟ್ಟಿ ನೋಡಾಂವ, ಕಿವಿ ಮುರಿದಿದ್ರ ಇಂವ ಭಾಳ ಕುಸ್ತಿ ಹಿಡದಾನ ಅಂತ ಲೆಕ್ಕ. ಆಮ್ಯಾಲೆ ಮೂರು ಪ್ರಶ್ನಿ: ಯಾವ ಗರಡಿ, ಯಾರ ಕೂಡ ಹಿಡದಿ, ಕಡೀ ಕುಸ್ತಿ ಎಂದು ಹಿಡದಿ? ಸುಳ್ಳು ಹೇಳಿದ್ರ ಅವನ ವಸ್ತಾದನ ಮರ್ಯಾದಿ ಹೋಗೂದು. ಜೋಡಿ ಕೂಡಲಿಲ್ಲ ಅಂದ್ರ ಕುಸ್ತಿ ಇಲ್ಲ, ಪ್ರಯಾಣದ ಖರ್ಚು ಕೊಟ್ಟು ಮನಿಗೆ ಕಳಸ್ತಿದ್ರು.

ಸಂಜೆ ಅಣ್ಣಾವ್ರ ಹುಡುಗನಿಗೆ ಪೆಟ್ಟು ಬಿದ್ದದ್ದು ಎದುರಿನಾಂವ ರೊಕ್ಕಾ ತಗೊಂಡಿದ್ದ ಅಂತಲ್ಲ. ಜೋಡಿ ಹಚ್ಚೋರು ಯಾರೂ ಇರಲಿಲ್ಲ. ತಕ್ಕಡಿ ತೂಕ ನೋಡತು, ಮನುಷ್ಯಾ ಯಾರೂ ನೋಡಲಿಲ್ಲ.


ಹೊನ್ನಾವರ_ಅಬ್ಬೆ

ನನ್ನ ಮಗಳಿಗೆ 16. ಲವ್ಲಿನಾ ಟೋಕಿಯೊದಲ್ಲಿ ಪದಕ ಗೆದ್ದಾಗ ಟಿವಿ ಮುಂದೆ ಕೂತು ಹಟ ಹಿಡಿದಳು, ನಿಖತ್ ಜರೀನ್ 2022ರಲ್ಲಿ ವಿಶ್ವ ಚಾಂಪಿಯನ್ ಆದಾಗ ಕೋಚಿಂಗಿಗೆ ಸೇರಿಸಿದೆವು. ವೃತ್ತಿಪರ, ಹವ್ಯಾಸಿ ಎಂಬ ಚರ್ಚೆ ನನಗೆ ಪೂರ್ತಿ ಅರ್ಥ ಆಗುವುದಿಲ್ಲ. ನನಗೆ ಬೇಕಾದದ್ದು ಒಂದೇ. ಮಗಳ ಎದುರು ನಿಲ್ಲುವವಳು ಎಷ್ಟು ಬೌಟ್ ಆಡಿದವಳು ಅಂತ ಹಿಂದಿನ ರಾತ್ರಿಯಾದರೂ ನಮಗೆ ತಿಳಿಯಬೇಕು. ಇಲ್ಲಿಯವರೆಗೆ ಮೂರು ಕಡೆ ಹೋಗಿದ್ದೇವೆ, ಒಂದು ಕಡೆಯೂ ಯಾರೂ ಹೇಳಿಲ್ಲ. ಕೇಳಿದರೆ "ಡ್ರಾ ಬಂದ ಹಾಗೆ ಆಡಬೇಕು ಅಮ್ಮ" ಅನ್ನುತ್ತಾರೆ.


ಬೈತಖೋಲ್_ಸಂಜೆ

ಎರಡು ದಿನ ಏನೂ ಬರೆಯಲಿಲ್ಲ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ಯಲ್ಲಾಪುರದ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನೌಕಾದಳದಲ್ಲಿ ಸ್ಪರ್ಧೆಗೆ ಎರಡು ತಿಂಗಳು ಇರುವಾಗ ನನ್ನನ್ನು ಡ್ಯೂಟಿಯಿಂದ ಬಿಡಿಸಿ ಕ್ಯಾಂಪಿಗೆ ಹಾಕುತ್ತಿದ್ದರು, ಮೊಟ್ಟೆ ಹಾಲು ಹೆಚ್ಚುವರಿ ಕೊಡುತ್ತಿದ್ದರು, ಸಂಬಳ ಒಂದು ರೂಪಾಯಿ ಕಡಿತ ಆಗುತ್ತಿರಲಿಲ್ಲ. ನನ್ನನ್ನು ಹವ್ಯಾಸಿ ಅಂತಲೇ ಕರೆದರು, ನಾನೂ ಹೆಮ್ಮೆಯಿಂದ ಹಾಗೇ ಹೇಳಿಕೊಂಡೆ. ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ಬರುವ ಹುಡುಗರನ್ನು ಆಗ ನಾನು ಎಷ್ಟು ಜನರನ್ನು ಸೋಲಿಸಿದ್ದೇನೋ. ಅವರ ಕೋಚುಗಳಿಗೆ ನನ್ನ ಮೇಲೆ ಇದೇ ಸಿಟ್ಟು ಬಂದಿರಬಹುದು. ಕ್ಯೂಬಾದ ಸ್ಟೀವನ್‌ಸನ್ 1972, 1976, 1980 ಮೂರೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು, ಕೋಟಿಗಟ್ಟಲೆ ಆಸೆ ತೋರಿಸಿದರೂ ವೃತ್ತಿಪರ ಆಗಲಿಲ್ಲ. ಅವರೇ ನನ್ನ ಆದರ್ಶ. ಅವರ ಬದುಕು, ತರಬೇತಿ ಎಲ್ಲವನ್ನೂ ಅಲ್ಲಿನ ಸರ್ಕಾರ ನೋಡಿಕೊಂಡಿತ್ತು ಅನ್ನುವುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದೇ ಕ್ಯೂಬಾ 1962ರಿಂದ ಇದ್ದ ನಿಷೇಧ ತೆಗೆದು 2022ರಲ್ಲಿ ತನ್ನ ಬಾಕ್ಸರುಗಳನ್ನು ವೃತ್ತಿಪರ ಕಣಕ್ಕೆ ಬಿಟ್ಟಿತು.

ಹಾಗಾಗಿ ಮೊದಲ ಪೋಸ್ಟಿನಲ್ಲಿ ಬರೆದ ನಿಯಮವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದುಡ್ಡು ತಗೊಂಡಿದ್ದೀಯಾ ಅನ್ನುವುದು ತಪ್ಪು ಪ್ರಶ್ನೆ. ಹಳಿಯಾಳದ ಅಜ್ಜನ ಪ್ರಶ್ನೆಗಳೇ ಸರಿ. ಯಾವ ಗರಡಿ, ಯಾರ ಕೂಡ, ಕಡೇ ಕುಸ್ತಿ ಎಂದು.

ಕಡೇದ್ದು ಎಂದು ಅನ್ನುವುದು ಬಾಕ್ಸಿಂಗಿನಲ್ಲಿ ಎಲ್ಲಕ್ಕಿಂತ ಮುಖ್ಯ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಹವ್ಯಾಸಿ ಬಾಕ್ಸರಿಗೆ ಒಂದು ರೆಕಾರ್ಡ್ ಪುಸ್ತಕ ಇರುತ್ತದೆ. ಆಡಿದ ಬೌಟು, ಫಲಿತಾಂಶ, ವೈದ್ಯರ ಸಹಿ ಅದರಲ್ಲಿ ಬರಬೇಕು. ತಲೆಗೆ ಪೆಟ್ಟು ಬಿದ್ದು ನಾಕೌಟ್ ಆದರೆ ಕನಿಷ್ಠ 30 ದಿನ ರಿಂಗ್ ಹತ್ತುವಂತಿಲ್ಲ, ಸ್ಪಾರಿಂಗ್ ಕೂಡ ಇಲ್ಲ. ಮೂರು ತಿಂಗಳೊಳಗೆ ಎರಡನೇ ಸಲ ಆದರೆ ಇನ್ನೂ ಮೂರು ತಿಂಗಳು ಕೂರಬೇಕು. ಆದರೆ ವೃತ್ತಿಪರ ಬೌಟಿನ ನಾಕೌಟ್ ಈ ಪುಸ್ತಕಕ್ಕೆ ಬರುವುದಿಲ್ಲ. ಅಲ್ಲಿಯ ದಾಖಲೆ ಬೇರೆ, ಇಟ್ಟುಕೊಳ್ಳುವವರು ಬೇರೆ. ಹೋದ ಶನಿವಾರ ಒಂದು ಹೋಟೆಲ್ ಹಾಲಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ಈ ಶನಿವಾರ ಜಿಲ್ಲಾ ಸ್ಪರ್ಧೆಗೆ ಸ್ವಚ್ಛ ಪುಸ್ತಕ ಹಿಡಿದು ಬರಬಹುದು. ನಾನು ಇಷ್ಟು ದಿನ ನನ್ನ ಹುಡುಗನ ತಲೆ ಬಗ್ಗೆ ಮಾತ್ರ ಯೋಚಿಸಿದೆ. ಎದುರಿಗಿದ್ದವನ ತಲೆಗೂ ಕಾವಲು ಇರಲಿಲ್ಲ.

ಇಷ್ಟು ಮಾಡಿದರೆ ಸಾಕು ಅನ್ನಿಸುತ್ತದೆ. ಅರ್ಜಿಯಲ್ಲಿ ಎರಡು ಸಾಲು ಹೆಚ್ಚು: ಒಟ್ಟು ಎಷ್ಟು ಬೌಟ್, ದುಡ್ಡಿನದೂ ಸೇರಿ, ಕೊನೆಯ ಸಲ ಎಣಿಕೆಗೆ ಬಿದ್ದದ್ದು ಯಾವತ್ತು. ಕೆಳಗೆ ಕೋಚ್ ಸಹಿ. ಹತ್ತು ಬೌಟ್ ಆಗದವರಿಗೆ ಪ್ರತ್ಯೇಕ ಡ್ರಾ. ಅದಕ್ಕಿಂತ ಮೇಲೆ, ರಾಜ್ಯ, ರಾಷ್ಟ್ರ, ಒಲಿಂಪಿಕ್ಸ್, ಯಾರು ಬೇಕಾದರೂ ಬರಲಿ. ಅಲ್ಲಿಗೆ ತಲುಪಿದ ಹುಡುಗನಿಗೆ ತನ್ನನ್ನು ಕಾಪಾಡಿಕೊಳ್ಳಲು ಗೊತ್ತಿರುತ್ತದೆ.


ಅಂಕೋಲಾ_ಮಾಸ್ತರ್

ಊರ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಯಲ್ಲಿ ಹೊರಗಿನ ಆಟಗಾರ ಎಷ್ಟು ಜನ ಇರಬಹುದು ಅಂತ ಕರಪತ್ರದಲ್ಲೇ ಅಚ್ಚು ಹಾಕಿಸುತ್ತೇವೆ. ಚೆಂಡಿನ ಆಟಕ್ಕೆ ಇಷ್ಟು ಕಾಳಜಿ, ತಲೆಗೆ ಗುದ್ದುವ ಆಟಕ್ಕೆ ಏನೂ ಇಲ್ಲ. ನಿಮ್ಮ ಎರಡು ಸಾಲನ್ನು ಅರ್ಜಿಗೆ ಸೇರಿಸಿ ಎಂದು ಕ್ರೀಡಾ ಇಲಾಖೆಗೂ ಸಂಘಟಕರಿಗೂ ಮನವಿ ಬರೆಯೋಣ. ಒಕ್ಕಣೆ ನಾನು ಮಾಡುತ್ತೇನೆ. ಈಗ ಬರೆಯುವುದಕ್ಕೆ ಕಾಲವೂ ಸರಿ ಇದೆ. ಹಳೇ ಅಂತರರಾಷ್ಟ್ರೀಯ ಸಂಸ್ಥೆ ಐಬಾದ ಮಾನ್ಯತೆಯನ್ನು ಒಲಿಂಪಿಕ್ ಸಮಿತಿಯವರು 2023ರಲ್ಲಿ ರದ್ದು ಮಾಡಿದರು, ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಗೆ 2025ರ ಫೆಬ್ರುವರಿಯಲ್ಲಿ ತಾತ್ಕಾಲಿಕ ಮಾನ್ಯತೆ ಸಿಕ್ಕಿತು, 2028ರ ಲಾಸ್ ಏಂಜಲೀಸ್‌ನಲ್ಲಿ ಬಾಕ್ಸಿಂಗ್ ಇರುವುದು ಖಚಿತವಾಯಿತು. ಮೇಲೆ ನಿಯಮ ಹೊಸದಾಗುವಾಗ ಕೆಳಗಿನವರೂ ಕೇಳಬೇಕು.


ಕುಮಟಾ_ವೈದ್ಯೆ

ಮನವಿಯಲ್ಲಿ ನನ್ನ ಸಹಿಯೂ ಇರಲಿ. ರಿಂಗಿನ ಪಕ್ಕ ವೈದ್ಯರು, ಹೊರಗೆ ಎಂಜಿನ್ ಚಾಲೂ ಆಗುವ ಆಂಬುಲೆನ್ಸ್, ಇವೆರಡನ್ನೂ ಬರೆಯಿರಿ. ಮೇಲಿನ ಹಂತಕ್ಕೆ ಯಾರು ಬೇಕಾದರೂ ಬರಲಿ ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ, ಅದು ಹಾಗೇ ಇರಲಿ. ಟೋಕಿಯೊದಲ್ಲಿ ನಮ್ಮ ಸೇನೆಯ ಸತೀಶ್ ಕುಮಾರ್ ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡು ಇದೇ ಜಲೊಲೊವ್ ಎದುರು ನಿಂತಾಗ ಊರೆಲ್ಲ ಹೊಗಳಿತು. ನಾನು ಮಾತ್ರ ಟಿವಿ ಆರಿಸಿದೆ.

ಯೆಕಟೆರಿನ್‌ಬರ್ಗ್‌ನ ಟೊರೆಸ್ ಬಗ್ಗೆ ಅರ್ಧ ಹೇಳಿ ಬಿಟ್ಟಿದ್ದೆ, ಉಳಿದದ್ದನ್ನೂ ಹೇಳುವುದು ನ್ಯಾಯ. ಆತ ಪೂರ್ತಿ ಗುಣವಾಗಿ ಟೋಕಿಯೊ ಫೈನಲ್ಲಿಗೆ ಬಂದ. ಎದುರಿಗೆ ಮತ್ತೆ ಜಲೊಲೊವ್. ಸೋತ, ಆದರೆ ಮೂರೂ ರೌಂಡ್ ನಿಂತು ಬೆಳ್ಳಿ ಗೆದ್ದ. ಪೂರ್ತಿ ವಿಶ್ರಾಂತಿ, ಸರಿಯಾದ ತಪಾಸಣೆ ಸಿಕ್ಕವರು ವಾಪಸು ಬರುತ್ತಾರೆ. ಸಂಜೆ ಅಣ್ಣ, ನಿಮ್ಮ ಹುಡುಗನ ತಲೆನೋವು, ನಿದ್ದೆ, ಬೆಳಕಿಗೆ ಕಣ್ಣು ಚುಚ್ಚುವುದು, ಇವೆಲ್ಲ ಹೇಗಿದೆ? ಚೌಕಿಯವರು ಮೊದಲ ದಿನವೇ ಕೇಳಿದ್ದರು, ನೀವು ಉತ್ತರಿಸಲಿಲ್ಲ.


ಬೈತಖೋಲ್_ಸಂಜೆ

ತಲೆನೋವು ಮೂರು ವಾರ ಇತ್ತು, ಈಗ ಇಲ್ಲ. ನಿದ್ದೆ ಸರಿ ಇದೆ. ದಿನಾ ಸಂಜೆ ದಂಡೆಗೆ ಬರುತ್ತಾನೆ, ಓಡುತ್ತಾನೆ, ಸಣ್ಣ ಮಕ್ಕಳಿಗೆ ಪ್ಯಾಡ್ ಹಿಡಿಯುತ್ತಾನೆ. ಗ್ಲೌಸ್ ಯಾವಾಗ ಅಂತ ಕೇಳುತ್ತಾನೆ. ನಾನು ಮಾತು ತಪ್ಪಿಸುತ್ತಾ ಬಂದಿದ್ದೇನೆ. ಅವನ ತಾಯಿ ನನ್ನನ್ನು ಒಂದು ಮಾತೂ ಅಂದಿಲ್ಲ. ಮಾರ್ಕೆಟ್ಟಿನಲ್ಲಿ ಕಂಡರೆ ಬಂಗಡೆ ಕಟ್ಟಿ ಕೊಡುತ್ತಾರೆ, ದುಡ್ಡು ತಗೊಳ್ಳುವುದಿಲ್ಲ. ಅದಕ್ಕೇ ಉತ್ತರ ಬರೆಯಲು ಆಗಲಿಲ್ಲ.


ಕುಮಟಾ_ವೈದ್ಯೆ

ಶನಿವಾರ ಬೆಳಿಗ್ಗೆ ಅವನನ್ನು ನನ್ನಲ್ಲಿಗೆ ಕರೆದುಕೊಂಡು ಬನ್ನಿ. ತಾಯಿಯನ್ನೂ ಕರೆತನ್ನಿ. ನೆನಪು, ಸಮತೋಲನ ಎಲ್ಲ ಪರೀಕ್ಷೆ ಮಾಡಿ, ಬೇಕಾದರೆ ನರತಜ್ಞರಿಗೆ ಚೀಟಿ ಬರೆಯುತ್ತೇನೆ. ಗ್ಲೌಸ್ ವಿಚಾರ ಆಮೇಲೆ, ಅದೂ ಅವರಿಬ್ಬರ ಎದುರಿಗೇ ಮಾತಾಡೋಣ.


ಯಲ್ಲಾಪುರ_71ಕೆಜಿ

ಸಂಜೆ ಅಣ್ಣ, ನನ್ನ ಎರಡು ಬೌಟಿನ ವಿವರ, ತಾರೀಕು ಎಲ್ಲ ಹಾಳೆಯಲ್ಲಿ ಬರೆದು ಸಹಿ ಮಾಡಿದ್ದೇನೆ. ಎರಡನೆಯದರಲ್ಲಿ ಒಮ್ಮೆ ಎಂಟರವರೆಗೆ ಎಣಿಸಿದ್ದರು, ಅದನ್ನೂ ಬರೆದಿದ್ದೇನೆ. ಭಾನುವಾರ ಯಲ್ಲಾಪುರದಿಂದ ಬೆಳಗಿನ ಬಸ್ಸಿಗೆ ಬರಲೇ? ನಿಮ್ಮ ಹುಡುಗರ ಜೊತೆ ಆಡುವುದಿಲ್ಲ. ಪಕ್ಕೆಗೆ ಬರುವ ಹುಕ್ಕಿಗೆ ಗಾರ್ಡ್ ಇಳಿಸದೆ ಮೊಣಕೈಯಲ್ಲಿ ತಡೆಯುವುದು ಹೇಗೆ ಅಂತ ತೋರಿಸುತ್ತೇನೆ. ಬೆಂಗಳೂರಿನಲ್ಲಿ ನನಗೆ ಅದನ್ನು ಹೇಳಿಕೊಟ್ಟವರೂ ವೃತ್ತಿಪರರೇ.


ಬೈತಖೋಲ್_ಸಂಜೆ

ಬಾ ತಮ್ಮಾ. ಊಟ ನಮ್ಮ ಮನೆಯಲ್ಲಿ. ನಮ್ಮಲ್ಲಿ 16 ಔನ್ಸಿನ ಗ್ಲೌಸ್ ಒಂದೇ ಜೊತೆ ಇರುವುದು, ಎಡಗೈಯದರ ಹೊಲಿಗೆ ಬಿಟ್ಟು ಹತ್ತಿ ಹೊರಗೆ ಬಂದಿದೆ. ಬಲೆ ಹೊಲಿಯುವವರ ಹತ್ತಿರ ಕೊಟ್ಟಿದ್ದೇನೆ, ಶನಿವಾರದೊಳಗೆ ಆಗುತ್ತದೆ ಎಂದಿದ್ದಾರೆ.